ಪದಚರ್ಚೆ: ಪರದೆ ಕಪ್ಪಾಗದ ಹಾಗೆ ಇಡುವ ಗುಂಡಿಗೆ ಏನಂತ ಬರೆಯುವುದು?

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಭಾನುವಾರ ಇಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಅಕ್ಷರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇವೆ. ಮಕ್ಕಳು 'ಕ್ಷ', 'ಜ್ಞ' ನೋಡಿಕೊಂಡು ಬರೆದು ಮುಗಿಸುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ನಮ್ಮ ಹುಡುಗನೊಬ್ಬ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಗುಂಡಿ ಒತ್ತಿದರೆ ಆಯಿತು, ಪರದೆ ಹಾಗೇ ಇರುತ್ತದೆ. ಗುಂಡಿಯ ಮೇಲೆ ಈಗ 'ಕೀಪ್ ಅವೇಕ್' ಅಂತಿದೆ. ಕನ್ನಡ ತರಗತಿಯಲ್ಲಿ ಅದು ಸರಿಯಲ್ಲ, ಅಲ್ವಾ? ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. 'ನಿದ್ರಾತಡೆ' ಆಗಬಹುದೇ? ಶನಿವಾರದೊಳಗೆ ತಿಳಿಸಿ.
— ಡೊಂಬಿವಲಿಯಿಂದ

ಸಂಸ್ಕೃತದ 'ನಿದ್ರಾ'ಕ್ಕೆ ಕನ್ನಡದ 'ತಡೆ' ಅಂಟಿಸಿದರೆ ಅರಿಸಮಾಸ. ಬೇಡ.

'ನಿದ್ದೆತಡೆ' ಮಾಡಿದರೆ ವ್ಯಾಕರಣ ಒಪ್ಪುತ್ತದೆ. ಆದರೆ ಮಾತ್ರೆಯ ಹೆಸರಿನ ಹಾಗಿದೆ. 'ಪರದೆ'ಯೂ ಬೇಡ, ಅದು ಫಾರಸಿ. ನಮ್ಮದೇ 'ತೆರೆ' ಇದೆ. ಬೆಳ್ಳಿತೆರೆ, ಕಿರುತೆರೆ ಅಂದಾಗ ಯಾರೂ ತಬ್ಬಿಬ್ಬಾಗಿಲ್ಲ. 'ತೆರೆ ಎಚ್ಚರ' ಅಂತ ಹಾಕಿ.
— ಪುಣೆಯಿಂದ

'ತೆರೆ ಎಚ್ಚರ' ಅಂತ ಇಲ್ಲಿ ಕೊಲ್ವಾ ಬೀಚಿನಲ್ಲಿ ಹಾಕಬಹುದು. ಜನ ನೀರಿಗೆ ಇಳಿಯುವುದಿಲ್ಲ.

ಪದ ಹುಡುಕುವ ಮೊದಲು ಗುಂಡಿ ಏನು ಮಾಡುತ್ತದೆ ಅಂತ ನೋಡಿ. ಪರದೆ ಆರುವುದು ಬೇರೆ, ಯಂತ್ರ ನಿದ್ದೆ ಹೋಗುವುದು ಬೇರೆ. ಪರದೆ ಆರಿದಾಗ ಒಳಗೆ ಕೆಲಸ ನಡೆದೇ ಇರುತ್ತದೆ. ನಿದ್ದೆಯಲ್ಲಿ ಕೆಲಸ ನಿಲ್ಲುತ್ತದೆ, ಅದನ್ನು ನೆನಪಿಟ್ಟುಕೊಳ್ಳುವ ರ‍್ಯಾಮ್ ಮರೆಯದಿರಲು ಬೇಕಾದಷ್ಟು ಕರೆಂಟ್ ಮಾತ್ರ ಹೋಗುತ್ತಿರುತ್ತದೆ. ಹೈಬರ್ನೇಟ್ ಅಂದರೆ ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್. ವಿಂಡೋಸ್‌ನಲ್ಲಿ ಪರದೆಗೆ ಒಂದು ಸಮಯ, ನಿದ್ದೆಗೆ ಇನ್ನೊಂದು ಸಮಯ ಕೊಡಬಹುದು. ಮ್ಯಾಕ್‌ನಲ್ಲಿ 'ಕೆಫಿನೇಟ್' ಅನ್ನುವ ಆಜ್ಞೆಯೇ ಇದೆ, ಕಾಫಿ ಕುಡಿಸಿ ಎಬ್ಬಿಸಿಡುವ ಲೆಕ್ಕ. ಸುಮ್ನೆ ಕೊಟ್ಟರೆ ಯಂತ್ರಕ್ಕೆ ಮಾತ್ರ ಎಚ್ಚರ. ಪರದೆಗೆ 'ಡಿ' ಅಂತ ಬೇರೆ ಸೇರಿಸಬೇಕು.

ಮೇಡಂ, ನಿಮಗೆ ಬೇಕಾದದ್ದು ಪರದೆಯ ವಿಷಯ. ನಿದ್ದೆಯ ಮಾತೇ ಬೇಡ. 'ಮಲಗು' ಅಂತೂ ಬೇಡವೇ ಬೇಡ. ನಮ್ಮಲ್ಲಿ ಗಾಡಿ ಮಲಗಿತು, ವ್ಯಾಪಾರ ಮಲಗಿತು ಅಂದರೆ ಕತೆ ಮುಗಿಯಿತು ಅಂತಲೇ.
— ಮಡಗಾಂವಿನಿಂದ

ಇಷ್ಟೊಂದು ಯಾಕೆ? 'ಚಾಲೂ ಇಡಿ' ಅನ್ನಿ. ಮುಂಬಯಿ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಹುಬ್ಬಳ್ಳಿಯಲ್ಲೂ ಫ್ಯಾನ್ ಚಾಲೂ ಮಾಡುತ್ತಾರೆ.
— ಮಾಟುಂಗದಿಂದ

ಮನೆಯ ಹೊರಗೆ ದಿನವಿಡೀ ಮರಾಠಿ ಕೇಳುವ ಮಕ್ಕಳಿಗೆ ಕನ್ನಡ ತರಗತಿಯಲ್ಲೂ 'ಚಾಲೂ' ಕಲಿಸುವುದಾದರೆ ತರಗತಿ ಯಾಕೆ?

ಆರದ ಬೆಳಕಿಗೆ ಕನ್ನಡದಲ್ಲಿ ಪದ ಇಲ್ಲವೇ? ನಂದಾದೀಪ. ಹಳೆಯ ಶಾಸನಗಳಲ್ಲಿ 'ನಂದಾದೀವಿಗೆ'. ನಂದು ಅಂದರೆ ಆರಿಹೋಗು, ನಂದಾ ಅಂದರೆ ನಂದದ. ತಮಿಳು ಶಾಸನಗಳಲ್ಲೂ 'ನಂದಾ ವಿಳಕ್ಕು' ಇದೆ. ಆದ್ದರಿಂದ 'ನಂದಾತೆರೆ'. ಒಂದೇ ಪದ, ಗುಂಡಿಯಲ್ಲಿ ಜಾಗವೂ ಉಳಿಯುತ್ತದೆ.
— ಪುಣೆಯಿಂದ

ನಂದಾದೀಪ ಮರಾಠಿಯಲ್ಲೂ ಇದೆ ಸ್ವಾಮಿ. ನಂದ ಅಂದರೆ ಸಂಸ್ಕೃತದಲ್ಲಿ ಸಂತೋಷ. ನೀವು ಕನ್ನಡ ಅಂತ ಕೊಡುತ್ತಿರುವುದೂ ಎರವಲೇ ಇರಬೇಕು.
— ಮಾಟುಂಗದಿಂದ

ಇಲ್ಲ. ಮರಾಠಿಯಲ್ಲಿ ದೀಪ ಆರುವುದಕ್ಕೆ 'ವಿಝಣೆ' ಅನ್ನುತ್ತಾರೆ. ಆ ಅರ್ಥದ 'ನಂದು' ಅಲ್ಲಿಲ್ಲ. ಕ್ರಿಯಾಪದ ಇರುವ ಮನೆಯಿಂದ ಇಲ್ಲದ ಮನೆಗೆ ಪದ ಹೋಗಿದೆ. ಅಡಕೆ ಕತ್ತರಿಸುವುದಕ್ಕೆ ಅವರು ಹೇಳುವ 'ಅಡಕಿತ್ತಾ' ನಮ್ಮ ಅಡಕೆಯಿಂದ ಹೋದ ಹಾಗೆ. ನಂದದೇ ಉರಿಯುವ ದೀಪಕ್ಕೆ ಸಂತೋಷದ ದೀಪ ಅಂತ ಅರ್ಥ ಕಟ್ಟುವುದು ಹರಿಕಥೆಗೆ ಸರಿ, ಇಲ್ಲಿಗಲ್ಲ.
— ಪುಣೆಯಿಂದ

ವ್ಯುತ್ಪತ್ತಿಯಲ್ಲಿ ಪುಣೆಯವರು ಸರಿ. ಪದದಲ್ಲಿ ಅಲ್ಲ. 'ನಂದಾತೆರೆ' ನೋಡಿ ಎಂಟು ವರ್ಷದ ಮಗು ಗುಂಡಿ ಒತ್ತುವುದಿಲ್ಲ. ಕಲಿಸುವವರೂ ಒತ್ತುವುದಿಲ್ಲ. ದೀಪ ಆರುತ್ತದೆ, ಒಲೆ ಆರುತ್ತದೆ, ಪರದೆಯೂ ಆರಲಿ ಬಿಡಿ. 'ಪರದೆ ಆರದಿರಲಿ'. ಎರಡೇ ಪದ.
— ಮಡಗಾಂವಿನಿಂದ

ಅದನ್ನೇ ಹಾಕಿಸಿದೆ. ಎಲ್ಲರಿಗೂ ಥ್ಯಾಂಕ್ಸ್.
— ಡೊಂಬಿವಲಿಯಿಂದ

ಹಾಕಿಕೊಳ್ಳಿ. ಎರಡು ಪದದಲ್ಲಿ ಒಂದು ಫಾರಸಿ.
— ಪುಣೆಯಿಂದ

ಹಾಗಾದರೆ ಲ್ಯಾಪ್‌ಟಾಪಿಗೆ ಏನನ್ನುತ್ತೀರಿ ರಾಯರೇ?
— ಮಾಟುಂಗದಿಂದ

ಅದಕ್ಕೆ ಬೇರೆ ಮಿಂಚೆ, ನಿಮ್ಮ ಭಾಷೆಯಲ್ಲಿ ಇಮೇಲ್, ಹಾಕಿ. ಇದರಲ್ಲಿ ತುರುಕಬೇಡಿ.
— ಪುಣೆಯಿಂದ