ಅಪ್‌ಡೇಟ್: ಮಾಸ್ಟರ್‌ಮಾರ್ಫಿಕ್ಸ್‌ನ ತಿರುಗಿದ ತುದಿ ಸರಿಹೋಯ್ತು

ಕಳೆದ ವಾರ ಕೇಳಿದ್ದೆನಲ್ಲ, ಪಿರಮಿಡ್ ಆಕಾರದ ಮಾಸ್ಟರ್‌ಮಾರ್ಫಿಕ್ಸ್ (ರೂಬಿಕ್ಸ್ ಕ್ಯೂಬಿನಂತೆ ಪದರ ತಿರುಗಿಸಿ ಬಿಡಿಸುವ ಪಜಲ್) ಪೂರ್ತಿ ಕೂಡಿ ಬಂದು ಕೊನೆಗೆ ಒಂದೇ ಒಂದು ಚೂಪು ತುದಿ ತಿರುಗಿ ನಿಲ್ಲುತ್ತದೆ ಅಂತ. ಈಗ ಸರಿಹೋಗಿದೆ.

ಬಿಚ್ಚಿ ಮತ್ತೆ ಜೋಡಿಸಿ ಅಂದವರೇ ಜಾಸ್ತಿ. ಅದರ ಅಗತ್ಯವೇ ಬೀಳಲಿಲ್ಲ. ಕೆಡಿಸಿ ಮೊದಲಿಂದ ಮಾಡಿದರೂ ಅದೇ ಕಥೆ. ಕೆಲಸಕ್ಕೆ ಬಂದದ್ದು "ಮುಖದ ನಡುವಿನ ತುಂಡು ನೋಡಿ" ಎಂಬ ಸಲಹೆ.

ಇದು ಒಳಗೆ ಮಾಮೂಲಿ 3×3 ರೂಬಿಕ್ಸ್ ಕ್ಯೂಬೇ ಅಲ್ವಾ. ಅದರ 8 ಮೂಲೆಗಳಲ್ಲಿ 4 ಪಿರಮಿಡ್‌ನ ತುದಿಗಳಾಗಿವೆ. ಉಳಿದ 4 ಮುಖಗಳ ನಡುವೆ ಚಪ್ಪಟೆಯಾಗಿ ಕೂತಿವೆ. ಅವಕ್ಕೆ ಒಂದೊಂದೇ ಬಣ್ಣ, ಹಾಗಾಗಿ ತಿರುಗಿದ್ದರೂ ಕಾಣಲ್ಲ. ಪದರ ತಿರುಗಿಸಿ ಒಂದೇ ಮೂಲೆಯನ್ನು ಒಂಟಿಯಾಗಿ ತಿರುಗಿಸಲು ಆಗಲ್ಲ, ಹಾಗಾಗಿ ಮಾಮೂಲಿ ಕ್ಯೂಬಿನಲ್ಲಿ ಒಂದೇ ಮೂಲೆ ತಿರುಗಿದ್ದರೆ ಯಾರೋ ಕೈಯಿಂದ ತಿರುಚಿದ್ದಾರೆ ಅಂತಲೇ ಲೆಕ್ಕ. ಇಲ್ಲಿ ಹಾಗಲ್ಲ, ಅದರ ಜೊತೆ ತಿರುಗಿದ ಚಪ್ಪಟೆ ಮೂಲೆ ಕಣ್ಣೆದುರೇ ಅಡಗಿರುತ್ತದೆ! ನನಗಂತೂ ಇದೇ ಮಜಾ ಅನ್ನಿಸಿತು.

ಮಾಡಿದ್ದಿಷ್ಟು: ತಿರುಗಿದ ತುದಿಯನ್ನು ಮೇಲಿನ ಪದರದ ಬಲ ಮುಂಬದಿಗೆ ತಂದೆ. ಬಲ ಪದರ ಕೆಳಕ್ಕೆ, ತಳ ಎಡಕ್ಕೆ, ಬಲ ಮೇಲಕ್ಕೆ, ತಳ ಬಲಕ್ಕೆ. ತುದಿ ನೇರವಾಗುವವರೆಗೆ ಇದನ್ನೇ 2 ಅಥವಾ 4 ಸಲ ಮಾಡಬೇಕು. ಆಮೇಲೆ ಮೇಲಿನ ಪದರವನ್ನು ಕಾಲು ಸುತ್ತು ತಿರುಗಿಸಿದರೆ ಪಕ್ಕದ ಚಪ್ಪಟೆ ತುಂಡು ಅದೇ ಜಾಗಕ್ಕೆ ಬರುತ್ತದೆ. ಒಟ್ಟು 6 ಸಲ ಆಗುವಂತೆ ಉಳಿದದ್ದನ್ನು ಅದಕ್ಕೆ ಮಾಡಿ, ಪದರ ವಾಪಸ್ ತಿರುಗಿಸಿ. ನಡುವೆ ಇಡೀ ಆಕಾರ ಮುಳ್ಳುಮುಳ್ಳಾಗಿ ಏಳುತ್ತದೆ. ಗಾಬರಿಯಾಗಿ ನಿಲ್ಲಿಸಬೇಡಿ.

ತುದಿಯ ಬದಲು ಅಂಚಿನ ನಡುವಿನ ತುಂಡು ಅಡ್ಡ ನಿಂತಿದ್ದರೆ ಇದು ನಡೆಯಲ್ಲ. ಅದು ಒಳಗಿನ ಕ್ಯೂಬಿನ ಸೆಂಟರ್ (ಕ್ಯೂಬಿನ ಮುಖದ ನಟ್ಟನಡುವಿನ ತುಂಡು, ಮೂಲೆಯಲ್ಲ), ಅದಕ್ಕೆ ಬೇರೆ ಸೂತ್ರ ಬೇಕು.