ಅಪ್‌ಡೇಟ್: ಸಿಡಿಲಿಗೆ ಸುಟ್ಟ ರಿಸೀವರ್ ಕಥೆ

ಹೋದ ತಿಂಗಳು ಕೇಳಿದ್ದೆ: ಸಾಗರದ ನಮ್ಮ ಮನೆಯಲ್ಲಿ ಸ್ಟೆಬಿಲೈಸರ್ ಇದ್ದರೂ ಸಿಡಿಲಿಗೆ ಹೋಮ್ ಥಿಯೇಟರಿನ ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಸುಟ್ಟಿತು, ಹೊಸದಕ್ಕೆ ಏನು ರಕ್ಷಣೆ ಮಾಡಲಿ ಅಂತ.

ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಸ್ಟೆಬಿಲೈಸರ್ ನೋಡಿಕೊಳ್ಳುವುದು ವೋಲ್ಟೇಜಿನ ನಿಧಾನದ ಏರಿಳಿತವನ್ನು ಮಾತ್ರ. ಸಿಡಿಲಿನ ಹೊಡೆತ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ, ಸ್ಟೆಬಿಲೈಸರ್ ಒಳಗಿನ ಸ್ವಿಚ್ (ರಿಲೇ) ಏಳುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ.

ಎಲೆಕ್ಟ್ರಿಷಿಯನ್ ಬಂದು ಮೊದಲು ಅರ್ತಿಂಗ್ ನೋಡಿದರು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 19 ವೋಲ್ಟ್! ಎರಡು ಮೂರಕ್ಕಿಂತ ಜಾಸ್ತಿ ಇರಬಾರದಂತೆ. ಅರ್ತಿಂಗ್ ಗುಂಡಿಯ ಹತ್ತಿರ ವೈರೇ ತುಕ್ಕು ಹಿಡಿದು ತುಂಡಾಗಿತ್ತು. ಅರ್ತ್ ಸರಿಯಿಲ್ಲದೆ ಸರ್ಜ್ ಪ್ರೊಟೆಕ್ಟರ್ (ಇಂಥ ದಿಢೀರ್ ಹೊಡೆತವನ್ನು ಅರ್ತ್‌ಗೆ ಹರಿಸುವ ಸಾಧನ) ಹಾಕಿದರೆ ಸುಮ್ನೆ ದುಡ್ಡು ದಂಡ, ಅಲ್ವಾ? ಹೊಸ ಅರ್ತಿಂಗ್ ಆಯಿತು, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಬಂತು.

ನಾನು ಯೋಚಿಸದೇ ಇದ್ದದ್ದು ಡಿಶ್ ಕೇಬಲ್. ಛಾವಣಿಯಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್. ಪ್ಲಗ್ ಕಿತ್ತರೂ ಆ ದಾರಿ ತೆರೆದೇ ಇರುತ್ತದೆ. ಈಗ ಗುಡುಗು ಕೇಳಿದರೆ ಅಮ್ಮನೇ ಪ್ಲಗ್, ಡಿಶ್ ಕೇಬಲ್ ಎರಡನ್ನೂ ಕೀಳುತ್ತಾರೆ.

ಹೊಸದಾಗಿ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ರಿಸೀವರನ್ನೇ ತಗೊಂಡೆ. ಸೌಂಡ್‌ಬಾರ್ ಸಾಕು ಅಂದವರೇ, ಕ್ಷಮಿಸಿ. ಹಳೇ ಸ್ಪೀಕರ್‌ಗಳು ಚೆನ್ನಾಗಿಯೇ ಇವೆ.