ಸಹಾಯ ಬೇಕು: ಆಟದ ಕೋರ್ಟಿಗೂ ಆಫೀಸ್ ಬಂದುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಸಾಲ ಕೊಡುವ ಒಂದು ಕಂಪನಿಯಲ್ಲಿ ವಸೂಲಿ ಕೆಲಸ. ತಿಂಗಳ ಕೊನೆ ಬಂತೆಂದರೆ ಟಾರ್ಗೆಟ್ ತಲೆ ಮೇಲೆ ಕೂತಿರುತ್ತದೆ. ಹೋದ ವರ್ಷ ಬಿಪಿ ಏರಿದಾಗ ಡಾಕ್ಟರು, ವಾರಕ್ಕೆ 150 ನಿಮಿಷವಾದರೂ ಮೈ ದಣಿಸಿ ಅಂದರು. ಶಟಲ್ ಶುರು ಮಾಡಿದೆ. ಕಾಕ್ ಮೇಲೆ ಕಣ್ಣಿಟ್ಟಾಗ ಬೇರೇನೂ ನೆನಪಾಗುವುದಿಲ್ಲ ನೋಡಿ, ಅದೇ ನನಗೆ ಔಷಧಿ ಆಗಿತ್ತು. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

ಎರಡು ತಿಂಗಳಿಂದ ನಮ್ಮ ಮ್ಯಾನೇಜರ್ ಸಾಹೇಬರೂ ಅದೇ ಕೋರ್ಟಿಗೆ ಸೇರಿದ್ದಾರೆ. ಒಳ್ಳೆಯವರೇ. ಆದರೆ 21 ಪಾಯಿಂಟಿನ ಒಂದು ಗೇಮ್ ಮುಗಿದು ನೀರು ಕುಡಿಯುವಷ್ಟರಲ್ಲಿ "ಆ ಹರಿಹರದ ಪಾರ್ಟಿ ಏನಾಯ್ತ್ರೀ?" ಅನ್ನುತ್ತಾರೆ. ಮೊನ್ನೆ ಅವರ ಎದುರು ಸ್ಮ್ಯಾಷ್ ಹೊಡೆಯಲೋ ಬೇಡವೋ ಅಂತ ಯೋಚಿಸಿ, ಸುಮ್ನೆ ಕಾಕ್ ಎತ್ತಿ ಕೊಟ್ಟೆ. ನನಗೇ ನಾಚಿಕೆ ಆಯಿತು.

ಬೆಳಿಗ್ಗೆ 6ಕ್ಕೆ ಬದಲಾಯಿಸಿದೆ. ವಾರದೊಳಗೆ ಅವರೂ ಬಂದರು! ಬೇರೆ ಕೋರ್ಟಿನಲ್ಲಿ ಜಾಗ ಖಾಲಿ ಇಲ್ಲ. ಹದಿನೈದು ದಿನ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದೆ. ಗಾಳಿ ಚೆನ್ನಾಗಿದೆ, ಆದರೆ ಕಾಲು ನಡೆದಷ್ಟೂ ತಲೆಯಲ್ಲಿ ಆಫೀಸಿನ ಲೆಕ್ಕವೇ ಓಡುತ್ತದೆ. ಹೆಂಡತಿ "ನೇರವಾಗಿ ಹೇಳಿಬಿಡ್ರಿ" ಅನ್ನುತ್ತಾಳೆ. ಅಪ್ರೈಸಲ್ ಹತ್ತಿರ ಇದೆ, ಧೈರ್ಯ ಸಾಲದು.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಕೋರ್ಟಿನಲ್ಲಿ ಆಫೀಸ್ ಮಾತು ಬೇಡ ಅಂತ, ಸಾಹೇಬರಿಗೆ ಬೇಜಾರಾಗದಂತೆ ಯಾವ ಹೊತ್ತಲ್ಲಿ, ಹೇಗೆ ಹೇಳಿದಿರಿ?